ಮೊಣಕಾಲು ನೋವು, ನಡಿಗೆ ಮತ್ತು ರೋಗನಿರೋಧಕ ಶಕ್ತಿ

ಮಾನವ ಶರೀರವು ಚಲನೆಗಾಗಿ ರಚಿತವಾದುದು. ಆದರೆ ವಯಸ್ಸು ಏರಿದಂತೆ ಮೊದಲು ಕುಂಠಿತವಾಗುವುದು ಚಲನೆಯೇ. ಐವತ್ತು ವರ್ಷಗಳ ಹಿಂದೆ ಎಂಟನೆಯ ಇಯತ್ತೆಯಲ್ಲಿ ಓದುತ್ತಿದ್ದ ಬಾಲಕಿಯರು ಈ ಸುವರ್ಣ ಮಹೋತ್ಸವದ ಹೊತ್ತಿಗೆ ಅರವತ್ತು ದಾಟಿದ ಅಜ್ಜಿಯರು. ಅವರಲ್ಲಿ ಅನೇಕರು, "ಗುರುಗಳ, ಮೊಣಕಾಲ ಸವದಾವರಿ, ಇನ್ನ ನಡೀಬಾರದು" ಎನ್ನುತ್ತಾರೆ. ಈ ನಿರ್ಣಯವು ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನೋವಿನ ಮೂಲ

ಮೊಣಕಾಲಿನ ಕೀಲಿನಲ್ಲಿ ಎಲುಬುಗಳ ತುದಿಗೆ ಮೃದ್ವಸ್ಥಿಯ ನುಣುಪಾದ ಹೊದಿಕೆಯಿದೆ. ವಯಸ್ಸು, ದೇಹದ ಭಾರ, ಹಳೆಯ ಪೆಟ್ಟು, ಸ್ನಾಯುಗಳ ದುರ್ಬಲತೆ ಇವುಗಳಿಂದ ಈ ಹೊದಿಕೆಯು ಕ್ರಮೇಣ ತೆಳುವಾಗುತ್ತದೆ. ಇದೇ ಸವೆತದ ಸಂಧಿವಾತ. ಋತುಸ್ರಾವವು ನಿಂತ ತರುವಾಯ ಇದು ಪುರುಷರಿಗಿಂತ ಸ್ತ್ರೀಯರನ್ನೇ ಹೆಚ್ಚಾಗಿ ಬಾಧಿಸುತ್ತದೆ. ನೆಲದ ಮೇಲೆ ಕುಳಿತು ಬೀಡಿ ಕಟ್ಟುವ ಸೊಲ್ಲಾಪುರದ ಸ್ತ್ರೀಯರೂ, ಒಲೆಯ ಮುಂದೆ ರೊಟ್ಟಿ ಬಡಿಯುವ ಅಕ್ಕಲಕೋಟೆಯ ತಾಯಂದಿರೂ ಗಂಟೆಗಟ್ಟಲೆ ಮೊಣಕಾಲು ಮಡಚಿಯೇ ದುಡಿದವರು.

ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಹೆಜ್ಜೆ ಊರಿದಾಗ ಅದು ಸ್ಪಂಜಿನಂತೆ ಅದುಮಿಕೊಂಡು, ಎತ್ತಿದಾಗ ಕೀಲಿನೊಳಗಿನ ದ್ರವವನ್ನು ಹೀರಿ ಪೋಷಣೆ ಪಡೆಯುತ್ತದೆ. ನಡಿಗೆ ನಿಂತರೆ ಈ ಪೋಷಣೆಯೂ ಕುಂದುತ್ತದೆ, ತೊಡೆಯ ಸ್ನಾಯು ಸೊರಗುತ್ತದೆ, ತೂಕ ಏರುತ್ತದೆ, ನೋವು ಇಮ್ಮಡಿಸುತ್ತದೆ. ಅಮೆರಿಕದಲ್ಲಿ ಈ ಬೇನೆಯುಳ್ಳ, 60 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ 439 ಜನರನ್ನು 18 ತಿಂಗಳ ಕಾಲ ಪರೀಕ್ಷಿಸಿದ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ಕೇವಲ ಆರೋಗ್ಯೋಪದೇಶ ಕೇಳಿದವರಿಗಿಂತ ನಡಿಗೆಯ ವ್ಯಾಯಾಮ ಮಾಡಿದವರಲ್ಲಿ ನೋವು ಸ್ವಲ್ಪಮಟ್ಟಿಗೆ ಕಡಿಮೆಯಾಗಿತ್ತು. ಕ್ಷಕಿರಣ ಚಿತ್ರಗಳಲ್ಲಿ ಅವರ ಕೀಲಿನ ಸವೆತವು ಇತರರಿಗಿಂತ ಹೆಚ್ಚಿರಲಿಲ್ಲ.

ರೋಗನಿರೋಧಕ ಶಕ್ತಿಯ ಮಾತು

ವೃದ್ಧಾಪ್ಯದಲ್ಲಿ ರೋಗನಿರೋಧಕ ಶಕ್ತಿಯು ಎರಡು ಬಗೆಯಲ್ಲಿ ಕೆಡುತ್ತದೆ. ಹೊರಗಿನಿಂದ ಬರುವ ರೋಗಾಣುಗಳನ್ನು ಎದುರಿಸುವಲ್ಲಿ ಅದು ಮಂದವಾಗುತ್ತದೆ. ದೇಹದೊಳಗೆ ಮಾತ್ರ ಸಣ್ಣ ಉರಿಯೂತವನ್ನು ಸದಾ ಕಾಯ್ದಿಡುತ್ತದೆ. ಸವೆದ ಮೃದ್ವಸ್ಥಿಯ ಚೂರುಗಳು ಕೀಲಿನ ಒಳಪೊರೆಯನ್ನು ಕೆರಳಿಸುತ್ತವೆ. ಹೊಟ್ಟೆಯ ಕೊಬ್ಬು ಕೂಡ ಉರಿಯೂತದ ದ್ರವ್ಯಗಳನ್ನು ಸುರಿಸುತ್ತದೆ. ಆದ್ದರಿಂದ ಇಲ್ಲಿ ಬೇಕಾದುದು ಬರಿಯ ಬಲವಲ್ಲ, ಸಮತೋಲ.

ಚುರುಕಾಗಿ ನಡೆಯುವಾಗ ರೋಗಾಣುಗಳನ್ನು ನಾಶಪಡಿಸುವ ಬಿಳಿ ರಕ್ತಕಣಗಳು ರಕ್ತಪ್ರವಾಹಕ್ಕೆ ಇಳಿದು ದೇಹವನ್ನೆಲ್ಲ ಸುತ್ತುತ್ತವೆ. ಕೆಲವು ಗಂಟೆಗಳಲ್ಲಿ ಮೊದಲಿನ ಸ್ಥಿತಿಗೆ ಮರಳುತ್ತವೆ. ದುಡಿಯುವ ಸ್ನಾಯುಗಳು ಉರಿಯೂತವನ್ನು ತಗ್ಗಿಸುವ ದ್ರವ್ಯಗಳನ್ನು ಹೊರಸೂಸುತ್ತವೆ.

1993ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನವು 67ರಿಂದ 85 ವರ್ಷದ ಸ್ತ್ರೀಯರನ್ನು ಕುರಿತದ್ದು. ವ್ಯಾಯಾಮದ ರೂಢಿಯಿಲ್ಲದ ಕೆಲವರು 12 ವಾರ, ವಾರಕ್ಕೆ ಐದು ದಿನ, 37 ನಿಮಿಷ ನಡೆದರು. ಅವರ ರಕ್ತಕಣಗಳ ಶಕ್ತಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೂ ಆ ಅವಧಿಯಲ್ಲಿ ನೆಗಡಿಯಂಥ ಬಾಧೆಗೆ ಒಳಗಾದವರು ನಡೆದವರಲ್ಲಿ ಶೇಕಡ 21, ಬರಿಯ ಹಗುರ ಕಸರತ್ತು ಮಾಡಿದವರಲ್ಲಿ ಶೇಕಡ 50, ಬಹುಕಾಲದಿಂದ ವ್ಯಾಯಾಮ ರೂಢಿಸಿಕೊಂಡವರಲ್ಲಿ ಶೇಕಡ 8. ಈ ಕೊನೆಯವರ ರಕ್ತಕಣಗಳೂ ಹೆಚ್ಚು ಸಮರ್ಥವಾಗಿದ್ದವು. ಇವರು ಸಂಧಿವಾತದ ರೋಗಿಗಳೆಂದು ಆರಿಸಿದವರಲ್ಲ, ಸಂಖ್ಯೆಯೂ ಚಿಕ್ಕದು. ಆದುದರಿಂದ ಇದನ್ನು ಮಹಾಸಿದ್ಧಾಂತವೆನ್ನಲಾಗದು. ಆದರೂ ನಡಿಗೆಯು ಮೂರು ತಿಂಗಳ ಔಷಧವಲ್ಲ, ವರ್ಷಗಟ್ಟಲೆ ಕೂಡಿಡಬೇಕಾದ ಗಂಟು ಎಂಬ ಪಾಠವನ್ನು ಇದರಿಂದ ಗ್ರಹಿಸಬಹುದು.

ನಮ್ಮ ನೆಲದ ನಡಿಗೆ

ನಡಿಗೆಯು ನಮಗೆ ಹೊಸದಲ್ಲ. ಶಿವಯೋಗಿ ಸಿದ್ಧರಾಮರು ಸ್ಥಾಪಿಸಿದರೆಂದು ನಂಬಲಾದ 68 ಲಿಂಗಗಳನ್ನು ಸೊಲ್ಲಾಪುರದ ಜನ ನಂದಿಧ್ವಜಗಳೊಡನೆ ನಡೆದೇ ಸುತ್ತುತ್ತಾರೆ. ಆಷಾಢದಲ್ಲಿ ತುಳಸಿಯನ್ನು ತಲೆಯ ಮೇಲೆ ಹೊತ್ತ ವೃದ್ಧೆಯರು ಪಂಢರಪುರದತ್ತ ಸಾಗುತ್ತಾರೆ. ಆದರೆ ವರ್ಷವೆಲ್ಲ ಕುಳಿತಿದ್ದು ಒಂದೇ ದಿನ ಹತ್ತಾರು ಮೈಲಿ ನಡೆಯುವುದು ಮೊಣಕಾಲಿಗೆ ದಂಡನೆಯೇ ಸರಿ. ನಿತ್ಯದ ಅಲ್ಪವು ಒಂದು ದಿನದ ಅತಿಗಿಂತ ಮೇಲು.

ಅನುಸರಿಸಬೇಕಾದ ಕ್ರಮ

ಮೊದಲ ವಾರ ಸಮತಟ್ಟಾದ ದಾರಿಯಲ್ಲಿ ಹತ್ತು ನಿಮಿಷ ಸಾಕು. ಅನಂತರ ಮೆಲ್ಲಗೆ ಅರ್ಧ ಗಂಟೆಗೆ ಏರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದ ಕನಿಷ್ಠ ಪ್ರಮಾಣವು ವಾರಕ್ಕೆ 150 ನಿಮಿಷ. ಮಾತನಾಡಲು ಸಾಧ್ಯವಾಗುವಷ್ಟೇ ವೇಗವಿರಲಿ. ಮೆತ್ತನೆಯ ಪಾದರಕ್ಷೆ ಧರಿಸಿ, ಬೇಕಾದರೆ ಕೋಲು ಹಿಡಿಯಿರಿ, ನಾಚಿಕೆ ಬೇಡ. ಕೋಲು ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿರಬೇಕು. ನಮ್ಮ ಬೇಸಿಗೆಯು 40 ಡಿಗ್ರಿ ದಾಟುವುದರಿಂದ ಸೂರ್ಯೋದಯದ ವೇಳೆಯೇ ಲೇಸು. ಕುರ್ಚಿಯಲ್ಲಿ ಕುಳಿತು ಕಾಲನ್ನು ನೀಳವಾಗಿ ಚಾಚಿ ಹಿಡಿಯುವ ಅಭ್ಯಾಸವು ತೊಡೆಯ ಸ್ನಾಯುವಿಗೆ ಬಲ ಕೊಡುತ್ತದೆ. ಮೊಣಕಾಲು ಕೆಂಪಾಗಿ ಬಾತು ಬಿಸಿಯಾದರೆ, ಜ್ವರ ಬಂದರೆ, ಎದೆನೋವು ಕಾಣಿಸಿದರೆ ನಡಿಗೆ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ನಡಿಗೆಯು ಮಧುಮೇಹದ ಗುಳಿಗೆಗಾಗಲಿ, ವೈದ್ಯರು ಹೇಳಿದ ಲಸಿಕೆಗಾಗಲಿ ಬದಲಿಯಲ್ಲ.

"ದಿನವೆಲ್ಲ ಮನೆಯಲ್ಲೇ ತಿರುಗುತ್ತೇವಲ್ಲ" ಎಂದು ತಾಯಂದಿರು ಕೇಳಬಹುದು. ಅಡುಗೆಮನೆಯ ಓಡಾಟವು ದಣಿವು ತರುತ್ತದೆ. ಆದರೆ ಹೆಜ್ಜೆಗಳ ಎಡೆಬಿಡದ ಲಯವನ್ನು ಅದು ಕೊಡದು. ಇಲ್ಲಿ ಹೊಣೆ ಅವರೊಬ್ಬರದೇ ಅಲ್ಲ. ಬೆಳಗಿನ ಚಹಾ ತಾನೇ ಕಾಸಿಕೊಳ್ಳುವ ಪತಿ, ಮಕ್ಕಳನ್ನು ಶಾಲೆಗೆ ಸಿದ್ಧಗೊಳಿಸುವ ಮಗ, ಅತ್ತೆಯೊಡನೆ ಸಿದ್ಧೇಶ್ವರ ಕೆರೆಯ ದಂಡೆಯವರೆಗೋ ಅಕ್ಕಲಕೋಟೆಯ ವಟವೃಕ್ಷ ಮಂದಿರದವರೆಗೋ ಹೆಜ್ಜೆ ಹಾಕುವ ಸೊಸೆ ಇವರಿದ್ದರೆ ಆ ಅರ್ಧ ಗಂಟೆ ತಾನಾಗಿ ಒದಗುತ್ತದೆ. ಮನೆಯವರಿಗಾಗಿ ಆಯುಷ್ಯವಿಡೀ ಮೊಣಕಾಲು ಸವೆಸಿದವರಿಗೆ ದಿನಕ್ಕೆ ಅರ್ಧ ಗಂಟೆಯನ್ನು ಬಿಟ್ಟುಕೊಡುವುದು ಪ್ರತಿಯೊಂದು ಮನೆಯ ಕರ್ತವ್ಯವೆಂದು ನಾನು ಭಾವಿಸುತ್ತೇನೆ.