ಬ್ರೌಸರಿನ ಕಾವಲು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತನಿಗೆ ವಿಶ್ವೇಶ್ವರಯ್ಯ ನಾಲೆಯ ನೀರೇ ಜೀವಾಳ. ನಾಲೆ ತುಂಬಿ ಹರಿಯುತ್ತಿದ್ದರೂ ಇರುಳಿನಲ್ಲಿ ಯಾರಾದರೂ ತೂಬನ್ನು ತಿರುಗಿಸಿದರೆ ನೀರು ಅನ್ಯರ ಗದ್ದೆಯ ಪಾಲಾಗುತ್ತದೆ. ಆದುದರಿಂದಲೇ ನೀರುಗಂಟಿಯು ಏರಿಯ ಮೇಲೆ ನಡೆದು ಒಂದೊಂದು ತೂಬನ್ನೂ ನೋಡುತ್ತಾನೆ. ಗಣಕಯಂತ್ರದಲ್ಲಿಯೂ ಇಂತಹ ತೂಬುಗಳಿವೆ. ಅವುಗಳನ್ನು ಗುಟ್ಟಾಗಿ ತಿರುಗಿಸುವವರೂ ಇದ್ದಾರೆ.

ಅಂತರಜಾಲದ ಪುಟಗಳನ್ನು ನಮಗೆ ತೆರೆದು ತೋರಿಸುವ ತಂತ್ರಾಂಶವೇ ಬ್ರೌಸರ್. 'ಭೂಮಿ' ಯೋಜನೆಯು ರಾಜ್ಯದ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ತರುವಾಯ, ಹಿಂದೆ ಗ್ರಾಮಲೆಕ್ಕಿಗರ ಕಡತದಲ್ಲಿದ್ದ ವಿವರವನ್ನು ಇಂದು ಮನೆಯಲ್ಲಿ ಕುಳಿತೇ ನೋಡಬಹುದು. ಪರೀಕ್ಷೆಯ ಫಲಿತಾಂಶ, ಬ್ಯಾಂಕಿನ ಲೆಕ್ಕ ಎಲ್ಲವೂ ಇದೇ ಬಾಗಿಲಿನಿಂದ ಬರುತ್ತವೆ. ಬಾಗಿಲನ್ನೇ ಬೇರೆಡೆಗೆ ತಿರುಗಿಸಿದರೆ ಆಗುವ ಹಾನಿಯನ್ನು ಊಹಿಸಿಕೊಳ್ಳಿರಿ. ಪಹಣಿಯನ್ನು ಹುಡುಕಿದ ರೈತನೊಬ್ಬನು ಸರ್ಕಾರದ ಪುಟವನ್ನೇ ಹೋಲುವ ಸುಳ್ಳು ಪುಟಕ್ಕೆ ಹೋಗಿ, ಅಲ್ಲಿ ತನ್ನ ಆಧಾರ್ ಸಂಖ್ಯೆಯನ್ನೂ ಮೊಬೈಲಿಗೆ ಬಂದ ಗುಪ್ತಸಂಖ್ಯೆಯನ್ನೂ ಬರೆದುಬಿಡಬಹುದು.

ಈ ಕಳ್ಳತನವು ಬಹುಮಟ್ಟಿಗೆ ನಮ್ಮ ಕೈಯಿಂದಲೇ ನಡೆಯುತ್ತದೆ. ಉಚಿತವಾಗಿ ದೊರೆಯುವ ಯಾವುದೋ ತಂತ್ರಾಂಶದೊಡನೆ ಮತ್ತೊಂದು ಅಡಗಿ ಬರುತ್ತದೆ. ನಾವು ಓದದೆಯೇ 'ಮುಂದೆ', 'ಮುಂದೆ' ಎಂದು ಒತ್ತುತ್ತೇವೆ. ಮರುದಿನ ಬ್ರೌಸರಿನ ಮುಖಪುಟ ಬದಲಾಗಿರುತ್ತದೆ, ಶೋಧಯಂತ್ರ ಬೇರೆಯಾಗಿರುತ್ತದೆ. ನಾವು ಹುಡುಕಿದಾಗಲೆಲ್ಲ ಜಾಹೀರಾತಿನ ಹಣ ಆ ಕಳ್ಳನಿಗೆ ಸೇರುತ್ತದೆ. 2017ರಲ್ಲಿ 'ಫೈರ್‌ಬಾಲ್' ಎಂಬ ಇಂತಹ ತಂತ್ರಾಂಶವು ಜಗತ್ತಿನ 25 ಕೋಟಿ ಗಣಕಯಂತ್ರಗಳನ್ನು ಹೊಕ್ಕಿದೆಯೆಂದೂ, ಅವುಗಳಲ್ಲಿ ಎರಡೂವರೆ ಕೋಟಿಗೂ ಮಿಕ್ಕು ಭಾರತದಲ್ಲಿಯೇ ಇವೆಯೆಂದೂ ಚೆಕ್ ಪಾಯಿಂಟ್ ಎಂಬ ಸಂಸ್ಥೆ ಸಾರಿತು. ಈ ಲೆಕ್ಕ ಅತಿಯಾಯಿತೆಂದು ಮೈಕ್ರೋಸಾಫ್ಟ್ ಆಕ್ಷೇಪಿಸಿತು. ಭಯವನ್ನು ಮಾರುವವರ ಅಂಕಿಗಳನ್ನು ತುಸು ಜರಡಿ ಹಿಡಿದು ನೋಡುವುದು ಲೇಸು.

ಇದಕ್ಕೆ ಮದ್ದಾಗಿ ಹುಟ್ಟಿದ ತಂತ್ರಾಂಶಗಳಲ್ಲಿ 'ಹೈಜಾಕ್‌ದಿಸ್' ಹೆಸರಾದುದು. ಈ ಶತಮಾನದ ಮೊದಲ ವರ್ಷಗಳಲ್ಲಿ ಹಾಲೆಂಡಿನ ವಿದ್ಯಾರ್ಥಿಯೊಬ್ಬನು ಇದನ್ನು ರಚಿಸಿದನು. ಇದರ ಕೆಲಸ ಥೇಟು ನೀರುಗಂಟಿಯದು. ಮುಖಪುಟ, ಶೋಧಯಂತ್ರ, ಬ್ರೌಸರಿಗೆ ಅಂಟಿಕೊಂಡ ವಿಸ್ತರಣೆಗಳು, ಯಂತ್ರ ಏಳುವಾಗ ತಾವೂ ಏಳುವ ತಂತ್ರಾಂಶಗಳು, ತಾಣಗಳ ಹೆಸರಿಗೆ ವಿಳಾಸ ಹೇಳುವ ಚಿಕ್ಕ ಕಡತ, ಹೀಗೆ ಬದಲಾವಣೆಗೆ ಎಡೆಯಿರುವ ತಾಣಗಳನ್ನು ತಡಕಿ ಪಟ್ಟಿಯೊಂದನ್ನು ಮುಂದಿಡುತ್ತಿತ್ತು. ಇದು ಒಳ್ಳೆಯದು, ಇದು ಕೆಟ್ಟದ್ದು ಎಂದು ಮಾತ್ರ ಹೇಳುತ್ತಿರಲಿಲ್ಲ. ತೀರ್ಮಾನ ಬಳಸುವವನದು, ಅರಿಯದೆ ಅಳಿಸಿದರೆ ಯಂತ್ರವೇ ಕೆಡುತ್ತಿತ್ತು. ಅನಂತರ ಬಂದ 'ಆಡ್‌ಡಬ್ಲ್ಯೂಕ್ಲೀನರ್' ಮೊದಲಾದವು ಕಳ್ಳರ ಗುರುತುಗಳನ್ನು ತಮ್ಮಲ್ಲಿಯೇ ಇರಿಸಿಕೊಂಡು ಹೋಲಿಸಿ ನೋಡುತ್ತವೆ.

ದುರಸ್ತಿಯಲ್ಲಿ ಕ್ರಮವೊಂದುಂಟು. ಮುಖಪುಟವನ್ನು ಮಾತ್ರ ಸರಿಪಡಿಸಿದರೆ ಸಾಲದು. ಒಳಗೆ ಅಡಗಿದ ತಂತ್ರಾಂಶವು ಯಂತ್ರ ಮರಳಿ ಎದ್ದೊಡನೆ ಅದನ್ನು ಮತ್ತೆ ಕೆಡಿಸುತ್ತದೆ. ಮೊದಲು ಆ ತಂತ್ರಾಂಶವನ್ನು ಕಿತ್ತೊಗೆದು, ಬಳಿಕ ಬ್ರೌಸರನ್ನು ಮೊದಲಿನ ಸ್ಥಿತಿಗೆ ತರಬೇಕು. ಅದಕ್ಕೆ ಬೇಕಾದ ಗುಂಡಿ ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲಿಯೂ ಇದೆ. ಬ್ರೌಸರುಗಳೇ ಕಾವಲು ಬಿಗಿಗೊಳಿಸಿದ ಮೇಲೆ ಹೊರಗಿನ ಕಾವಲುಗಾರರ ಅಗತ್ಯ ತಗ್ಗಿತು. 2015ರ ಕೊನೆಯಿಂದ ಫೈರ್‌ಫಾಕ್ಸ್ ತಾನು ಪರಿಶೀಲಿಸಿ ಮೊಹರು ಹಾಕದ ವಿಸ್ತರಣೆಗಳನ್ನು ತಡೆಯತೊಡಗಿತು. ಕ್ರೋಮ್ ತನ್ನೊಳಗಿನ ಶುದ್ಧೀಕರಣ ಸಾಧನವನ್ನು 2023ರಲ್ಲಿ ಕೈಬಿಟ್ಟಿತು.

ಆದರೆ ಮೊಬೈಲಿನಲ್ಲಿ ಕಳ್ಳ ಇಂದು ಬೇರೆ ದಾರಿ ಹಿಡಿದಿದ್ದಾನೆ. ಯಾವುದೋ ಪುಟ ತೆರೆದೊಡನೆ, ಸೂಚನೆಗಳನ್ನು ಕಳುಹಿಸಲು ಅನುಮತಿ ಬೇಡುತ್ತದೆ. ಒಮ್ಮೆ ಒಪ್ಪಿದರೆ 'ನಿಮ್ಮ ಫೋನಿಗೆ ವೈರಸ್ ತಗುಲಿದೆ' ಎಂಬ ಸುಳ್ಳು ಎಚ್ಚರಿಕೆಗಳು ದಿನವೆಲ್ಲ ಬರುತ್ತವೆ. ಅವನ್ನು ಒತ್ತಬೇಕಾಗಿಲ್ಲ. ಬ್ರೌಸರಿನ ಸೆಟ್ಟಿಂಗ್ಸಿನೊಳಗೆ ಅನುಮತಿ ಪಡೆದ ತಾಣಗಳ ಪಟ್ಟಿಯಿರುತ್ತದೆ. ಪರಿಚಯವಿಲ್ಲದ ಹೆಸರನ್ನು ಅಲ್ಲಿಂದ ತೆಗೆದರಾಯಿತು, ಆ ತೂಬು ಮುಚ್ಚುತ್ತದೆ.