ಡಾಂಗಲ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು?

ಸಿಮ್, ಡಾಂಗಲ್, ಕಂಪ್ಯೂಟರ್: ದೋಷ ಈ ಮೂರರಲ್ಲಿ ಎಲ್ಲಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ

ಫೈಬರ್ ಕೇಬಲ್ ಇನ್ನೂ ತಲುಪದ ಹಳ್ಳಿಗಳಲ್ಲಿ, ವರ್ಷಕ್ಕೊಮ್ಮೆ ಬಾಡಿಗೆ ಮನೆ ಬದಲಿಸುವವರ ಕೋಣೆಗಳಲ್ಲಿ, ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಗಳಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಇಂಟರ್ನೆಟ್ ಒದಗಿಸುವುದು ಇಂದಿಗೂ ಹೆಬ್ಬೆರಳು ಗಾತ್ರದ ಯುಎಸ್‌ಬಿ ಡಾಂಗಲ್ಲೇ. ಪಹಣಿ ತೆಗೆಯಬೇಕಾದ ಹೊತ್ತಿಗೋ ಪರೀಕ್ಷೆಯ ಅರ್ಜಿ ಸಲ್ಲಿಸುವ ಕೊನೆಯ ದಿನವೋ ಅದು ಕೈಕೊಟ್ಟರೆ ಸಾಮಾನ್ಯವಾಗಿ ಸಿಗುವ ಸಲಹೆ ಎರಡೇ: ‘ವಿಂಡೋಸ್ ಫಾರ್ಮ್ಯಾಟ್ ಮಾಡಿಸಿ’ ಅಥವಾ ‘ಹೊಸ ಡಾಂಗಲ್ ತಗೊಳ್ಳಿ’. ಬಹಳಷ್ಟು ಸಲ ಎರಡೂ ಬೇಕಿರುವುದಿಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ ನೋಡಿ. ಮೊದಲ ಕೆಲವಕ್ಕೆ ಕಂಪ್ಯೂಟರ್ ಜ್ಞಾನವೂ ಬೇಡ, ಖರ್ಚೂ ಇಲ್ಲ.

ಹಂತ 1: ಎರಡು ಅದಲುಬದಲು

ಡಾಂಗಲ್‌ನಲ್ಲಿರುವ ಸಿಮ್ ತೆಗೆದು ಮೊಬೈಲಿಗೆ ಹಾಕಿ, ವೈಫೈ ಆಫ್ ಮಾಡಿ, ಯಾವುದಾದರೂ ಪುಟ ತೆರೆಯಿರಿ. ತೆರೆಯದಿದ್ದರೆ ದೋಷ ಸಿಮ್‌ನದು: ರೀಚಾರ್ಜ್ ಮುಗಿದಿರಬಹುದು, ದಿನದ ಡೇಟಾ ಖಾಲಿಯಾಗಿರಬಹುದು, ಬಹುಕಾಲ ಬಳಸದೆ ಇಟ್ಟ ಸಿಮ್ ರದ್ದಾಗಿರಬಹುದು. 90 ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಯ್ಡ್ ಸಂಪರ್ಕವನ್ನು ಕಂಪನಿ ಕಡಿದುಹಾಕಬಹುದು. ವರ್ಷಕ್ಕೆರಡು ಬಾರಿ ಮಾತ್ರ ಡಾಂಗಲ್ ಹೊರತೆಗೆಯುವವರು ಇದನ್ನು ನೆನಪಿಡಬೇಕು.

ಮೊಬೈಲಿನಲ್ಲಿ ಸಿಮ್ ಸರಿಯಾಗಿದ್ದರೆ ಅದನ್ನು ಡಾಂಗಲ್‌ಗೆ ಮರಳಿಸಿ, ಡಾಂಗಲ್ಲನ್ನು ಬೇರೊಂದು ಕಂಪ್ಯೂಟರಿಗೆ ಚುಚ್ಚಿ. ಅಲ್ಲಿ ನಡೆದರೆ ದೋಷ ನಿಮ್ಮ ಕಂಪ್ಯೂಟರಿನದು. ಅಲ್ಲೂ ನಡೆಯದಿದ್ದರೆ ಡಾಂಗಲ್‌ನದು, ಇಲ್ಲವೇ ಆ ಡಾಂಗಲ್‌ಗೂ ಈ ಸಿಮ್‌ಗೂ ಹೊಂದಾಣಿಕೆ ಇಲ್ಲ. ಈ ತೀರ್ಮಾನವಾಗುವ ಮೊದಲು ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ಹಂತ 2: ಸಿಮ್ ಕೂತಿದೆಯೇ, ಲಾಕ್ ಆಗಿದೆಯೇ?

ಹಳೆಯ ಡಾಂಗಲ್‌ಗಳ ಸಿಮ್ ಜಾಗ ದೊಡ್ಡದು, ಈಗಿನ ನ್ಯಾನೋ ಸಿಮ್ ಚಿಕ್ಕದು. ನಡುವೆ ಪ್ಲಾಸ್ಟಿಕ್ ಅಡಾಪ್ಟರ್ ಬೇಕು. ಅದು ಒಂದಿಷ್ಟು ಸರಿದರೂ ‘ನೋ ಸಿಮ್’ ಎಂದು ತೋರಿಸುತ್ತದೆ. ಸಿಮ್ ಇಲ್ಲದ ಖಾಲಿ ಅಡಾಪ್ಟರನ್ನು ಎಂದೂ ತೂರಿಸಬೇಡಿ. ಒಳಗಿನ ಸಣ್ಣ ಹಿತ್ತಾಳೆ ಬಣ್ಣದ ಕಡ್ಡಿಗಳು ಅದರ ತೂತಿಗೆ ಸಿಕ್ಕಿಕೊಳ್ಳುತ್ತವೆ. ಜಗ್ಗಿದರೆ ಬಾಗುತ್ತವೆ ಅಥವಾ ಮುರಿಯುತ್ತವೆ. ಸಿಮ್‌ನ ಚಿನ್ನದ ಬಣ್ಣದ ಭಾಗವನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ ಹಾಕಿ.

ಪಿನ್ ಕೇಳಿದರೆ ಊಹೆಯ ಮೇಲೆ ಒತ್ತುತ್ತಾ ಹೋಗಬೇಡಿ. ಮೂರು ಸಲ ತಪ್ಪಿದರೆ ಪಿಯುಕೆ ಕೇಳುತ್ತದೆ, ಪಿಯುಕೆ ಹತ್ತು ಸಲ ತಪ್ಪಿದರೆ ಸಿಮ್ ಶಾಶ್ವತವಾಗಿ ಹಾಳು. ಪಿಯುಕೆ ಸಂಖ್ಯೆ ನಿಮ್ಮ ಕಂಪನಿಯ ಗ್ರಾಹಕ ಸೇವೆಯಲ್ಲಿ ಸಿಗುತ್ತದೆ. ಪಿನ್ ಬದಲು ‘ಅನ್‌ಲಾಕ್ ಕೋಡ್’ ಕೇಳಿದರೆ ಕಥೆ ಬೇರೆ. ಆ ಡಾಂಗಲ್ಲನ್ನು ಮಾರಿದ ಕಂಪನಿ ತನ್ನ ಸಿಮ್ ಮಾತ್ರ ನಡೆಯುವಂತೆ ಬೀಗ ಹಾಕಿದೆ ಎಂದರ್ಥ.

ಹಂತ 3: ಡಾಂಗಲ್ ಯಾವ ಕಾಲದ್ದು?

ಚೆನ್ನಾಗಿದ್ದ ಡಾಂಗಲ್ ಹೊಸ ಸಿಮ್ ಹಾಕಿದೊಡನೆ ಮೂಕವಾದರೆ ಕಾರಣ ಇಲ್ಲಿರಬಹುದು. ಜಿಯೋ 2016ರಲ್ಲಿ ಆರಂಭವಾದದ್ದೇ 4ಜಿಯಲ್ಲಿ. ಹೀಗಾಗಿ 3ಜಿ ಡಾಂಗಲ್‌ನಲ್ಲಿ ಅದರ ಸಿಮ್ ಯಾವತ್ತೂ ನಡೆಯುವುದಿಲ್ಲ. ಏರ್‌ಟೆಲ್ 2020ರ ಹೊತ್ತಿಗೆ ತನ್ನ 3ಜಿ ಸೇವೆ ನಿಲ್ಲಿಸಿತು. 3ಜಿ ಡಾಂಗಲ್‌ಗೆ ಅದರ ಸಿಮ್ ಹಾಕಿದರೆ 2ಜಿಯ ಆಮೆ ವೇಗ ಸಿಕ್ಕರೆ ಅದೇ ಹೆಚ್ಚು. ಟಾಟಾ ಫೋಟಾನ್, ರಿಲಯನ್ಸ್ ನೆಟ್‌ಕನೆಕ್ಟ್, ಎಂಟಿಎಸ್ ಎಂಬ್ಲೇಜ್ ಹೆಸರಿನಲ್ಲಿ ಬಂದಿದ್ದ ಸಿಡಿಎಂಎ ಡಾಂಗಲ್‌ಗಳಿಗೆ ದೇಶದಲ್ಲಿ ಈಗ ನೆಟ್‌ವರ್ಕೇ ಇಲ್ಲ. ಅವನ್ನು ರಿಪೇರಿಗೆ ಒಯ್ಯುವುದು ವ್ಯರ್ಥ.

4ಜಿ ಡಾಂಗಲ್ ಆಗಿದ್ದರೂ ತರಂಗಾಂತರ ಹೊಂದಬೇಕು. ಉದಾಹರಣೆಗೆ, ಬಿಎಸ್‌ಎನ್‌ಎಲ್ 4ಜಿಗೆ 700 ಮತ್ತು 2100 ಮೆಗಾಹರ್ಟ್ಸ್ ಬ್ಯಾಂಡ್‌ಗಳು ಬಳಕೆಯಾಗುತ್ತವೆ. ಜಿಯೋ 4ಜಿಗೆ 850, 1800 ಮತ್ತು 2300. ಸೆಕೆಂಡ್ ಹ್ಯಾಂಡ್ ಡಾಂಗಲ್ ಕೊಳ್ಳುವ ಮುನ್ನ ಮಾದರಿ ಸಂಖ್ಯೆ ಹಾಕಿ ಈ ಬ್ಯಾಂಡ್‌ಗಳಿವೆಯೇ ಎಂದು ನೋಡಿಕೊಳ್ಳಿ. ಬೇರೆ ದೇಶದಿಂದ ತಂದ ಡಾಂಗಲ್ ಆದರಂತೂ ಇದನ್ನು ಮರೆಯಬೇಡಿ.

ಹಂತ 4: ದೀಪ ಏನು ಹೇಳುತ್ತದೆ?

ಡಾಂಗಲ್ ಚುಚ್ಚಿದಾಗ ದೀಪವೇ ಹೊತ್ತದಿದ್ದರೆ ಕರೆಂಟ್ ಹೋಗುತ್ತಿಲ್ಲ. ಹುವಾವೇ ತಯಾರಿಕೆಯ ಬಹುತೇಕ ಮಾದರಿಗಳಲ್ಲಿ ಹಸಿರು ದೀಪ ಎರಡೆರಡು ಬಾರಿ ಮಿಟುಕಿದರೆ ಕರೆಂಟ್ ಬಂದಿದೆ, ನೆಟ್‌ವರ್ಕ್ ಸಿಕ್ಕಿಲ್ಲ ಎಂದು ತಿಳಿಯಬೇಕು. ಒಂದೊಂದೇ ಸಲ ಮಿಟುಕಿದರೆ ಟವರ್ ಸಿಕ್ಕಿದೆ, ಸಂಪರ್ಕ ಆಗಿಲ್ಲ. ಮಿಟುಕದೆ ನಿಂತ ದೀಪ ಸಂಪರ್ಕದ ಗುರುತು. ಬೇರೆ ಕಂಪನಿಗಳ ಬಣ್ಣ ಬೇರೆ ಇರುತ್ತದೆ, ಡಬ್ಬಿಯೊಳಗಿನ ಚೀಟಿ ನೋಡಿ.

‘ಕನೆಕ್ಟ್’ ಒತ್ತಿದ ತಕ್ಷಣ ದೀಪ ಆರಿ, ಕಂಪ್ಯೂಟರ್ ‘ಟಿಂಗ್’ ಎಂದು ಸದ್ದು ಮಾಡಿ, ಡಾಂಗಲ್ ಮಾಯವಾಗಿ ಮತ್ತೆ ಕಾಣಿಸಿಕೊಳ್ಳುತ್ತಿದೆಯೇ? ಇದು ಕರೆಂಟ್ ಸಾಲದ ಲಕ್ಷಣ. ಯುಎಸ್‌ಬಿ 2.0 ಪೋರ್ಟ್ ಕೊಡಬಲ್ಲದ್ದು 500 ಮಿಲಿಆಂಪಿಯರ್. ಟವರ್ ದೂರವಿದ್ದಾಗ ಡಾಂಗಲ್ ಜೋರಾಗಿ ಕೂಗಬೇಕಾಗುತ್ತದೆ, ಆಗ ಅದಕ್ಕೆ ಹೆಚ್ಚು ಕರೆಂಟ್ ಬೇಕು. ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್‌ಗಳು ಒಳಗೆ ತೆಳುವಾದ ವೈರಿನ ಮೂಲಕ ಮದರ್‌ಬೋರ್ಡಿಗೆ ಸೇರುತ್ತವೆ. ಹಿಂದಿನವು ಮದರ್‌ಬೋರ್ಡಿನ ಮೇಲೇ ಕೂತಿರುತ್ತವೆ. ಆದ್ದರಿಂದ ಡಾಂಗಲ್ ಜಾಗ ಹಿಂದೆಯೇ. ಅಲ್ಲೂ ಹೀಗೇ ಆದರೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಬಳಸಿ. ಹಳೆಯ ಡಾಂಗಲ್ ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟ್‌ನಲ್ಲಿ ತಕರಾರು ಮಾಡಿದರೆ ಕಪ್ಪು ಬಣ್ಣದ್ದಕ್ಕೆ ಬದಲಿಸಿ.

ಹಂತ 5: ಕಂಪ್ಯೂಟರ್ ಗುರುತಿಸುತ್ತಿದೆಯೇ?

ವಿಂಡೋಸ್ ಕೀ ಮತ್ತು ಎಕ್ಸ್ ಒಟ್ಟಿಗೆ ಒತ್ತಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಅಲ್ಲಿ ‘ಮೋಡೆಮ್ಸ್’ ಅಥವಾ ‘ನೆಟ್‌ವರ್ಕ್ ಅಡಾಪ್ಟರ್ಸ್’ ಅಡಿಯಲ್ಲಿ ಡಾಂಗಲ್ ಹೆಸರು ಇರಬೇಕು. ಹಳದಿ ತ್ರಿಕೋನ ಕಂಡರೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ಕೋಡ್ ಓದಿ. ಕೋಡ್ 28 ಎಂದರೆ ಡ್ರೈವರ್ ಇಲ್ಲ. ಕೋಡ್ 10 ಎಂದರೆ ಸಾಧನ ಶುರುವಾಗುತ್ತಿಲ್ಲ. ಕೋಡ್ 43 ಎಂದರೆ ದೋಷ ಕಂಡದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಪೋರ್ಟ್ ಬದಲಿಸಿದರೂ ಹೋಗದಿದ್ದರೆ ಡಾಂಗಲ್ ಕೆಟ್ಟಿರುವ ಸಾಧ್ಯತೆ ಹೆಚ್ಚು.

ಮೋಡೆಮ್ ಎಲ್ಲೂ ಕಾಣದೆ ‘ದಿಸ್ ಪಿಸಿ’ಯಲ್ಲಿ ಸಿಡಿ ಡ್ರೈವ್ ಮಾತ್ರ ಬಂದಿದ್ದರೆ ಗಾಬರಿ ಬೇಡ. ಹಲವು ಡಾಂಗಲ್‌ಗಳು ಮೊದಲು ಸಿಡಿಯ ವೇಷದಲ್ಲಿ ಬರುತ್ತವೆ, ತಮ್ಮ ಸಾಫ್ಟ್‌ವೇರ್ ಇನ್‌ಸ್ಟಾಲ್ ಆದ ಮೇಲೆ ಮೋಡೆಮ್ ಆಗಿ ಬದಲಾಗುತ್ತವೆ. ಆ ಡ್ರೈವ್ ತೆರೆದು ಸೆಟಪ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಡಿ. ಉಬುಂಟು ಬಳಸುವವರಿಗೆ ಈ ವೇಷ ಬದಲಿಸುವ ‘ಯುಎಸ್‌ಬಿ ಮೋಡ್‌ಸ್ವಿಚ್’ ಅದರಲ್ಲೇ ಇರುತ್ತದೆ. ಡಾಂಗಲ್ ಚುಚ್ಚಿ ಅರ್ಧ ನಿಮಿಷ ಕಾದರೆ ಸಾಕು.

ಹಂತ 6: ಹಳೆಯದನ್ನು ಗುಡಿಸಿ, ಹೊಸದಾಗಿ ಹಾಕಿ

ಒಂದೇ ಕಂಪ್ಯೂಟರಿನಲ್ಲಿ ಎರಡು ಮೂರು ಕಂಪನಿಗಳ ಡಾಂಗಲ್ ಸಾಫ್ಟ್‌ವೇರ್ ಸೇರಿಕೊಂಡರೆ ಮೋಡೆಮ್‌ಗಾಗಿ ಅವು ಕಿತ್ತಾಡುತ್ತವೆ. ಬಳಸದ ಎಲ್ಲವನ್ನೂ ಅನ್‌ಇನ್‌ಸ್ಟಾಲ್ ಮಾಡಿ. ಡಾಂಗಲ್ ಹೊರತೆಗೆದು, ಡಿವೈಸ್ ಮ್ಯಾನೇಜರ್‌ನ ‘ವ್ಯೂ’ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಆರಿಸಿ. ಮಸುಕಾಗಿ ಕಾಣುವ ಹಳೆಯ ಮೋಡೆಮ್‌ಗಳನ್ನು ಅಳಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಆಮೇಲೆ ಡಾಂಗಲ್ ಚುಚ್ಚಿ.

ವಿಂಡೋಸ್ 11ಕ್ಕೆ 64 ಬಿಟ್ ಡ್ರೈವರ್ ಬೇಕೇಬೇಕು. ವಿಂಡೋಸ್ ಎಕ್ಸ್‌ಪಿ ಕಾಲದ ಡಾಂಗಲ್‌ನೊಳಗಿನ ಡ್ರೈವರ್ ಅದರಲ್ಲಿ ಓಡದಿರಬಹುದು. ಆಗ ತಯಾರಕರ ತಾಣದಿಂದಲೇ ಹೊಸದನ್ನು ಪಡೆಯಿರಿ. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ’ ಎನ್ನುವ ತಾಣಗಳಿಂದ ಬರುವುದು ಹೆಚ್ಚಾಗಿ ಜಾಹೀರಾತು ಮತ್ತು ವೈರಸ್.

ಹಂತ 7: ಎಪಿಎನ್ ಸರಿಯಿದೆಯೇ?

ಸಿಗ್ನಲ್ ಇದೆ, ಡಾಂಗಲ್ ಕಾಣುತ್ತಿದೆ, ಆದರೆ ಸಂಪರ್ಕವಾಗುತ್ತಿಲ್ಲ ಎಂದರೆ ಎಪಿಎನ್, ಅಂದರೆ ಕಂಪನಿಯ ಇಂಟರ್ನೆಟ್ ಬಾಗಿಲಿನ ಹೆಸರು, ಸರಿಯಿದೆಯೇ ನೋಡಿ. ಒಂದು ಕಂಪನಿಯ ಸಿಮ್ ತೆಗೆದು ಇನ್ನೊಂದರದ್ದು ಹಾಕಿದಾಗ ಹಳೆಯ ಹೆಸರೇ ಉಳಿದುಕೊಂಡು ತೊಂದರೆಯಾಗುತ್ತದೆ. ಡಾಂಗಲ್ ಸಾಫ್ಟ್‌ವೇರಿನ ‘ಪ್ರೊಫೈಲ್ ಮ್ಯಾನೇಜ್‌ಮೆಂಟ್’ನಲ್ಲಿ ಹೊಸ ಪ್ರೊಫೈಲ್ ಮಾಡಿ. ಎಪಿಎನ್ ಜಾಗದಲ್ಲಿ ಜಿಯೋಗೆ ‘ಜಿಯೋನೆಟ್’, ಬಿಎಸ್‌ಎನ್‌ಎಲ್‌ಗೆ ‘ಬಿಎಸ್‌ಎನ್‌ಎಲ್‌ನೆಟ್’, ಏರ್‌ಟೆಲ್‌ಗೆ ‘ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್’ ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ತುಂಬಿ. ಡಯಲ್ ನಂಬರ್ *99#. ಯೂಸರ್‌ನೇಮ್, ಪಾಸ್‌ವರ್ಡ್ ಖಾಲಿ ಇರಲಿ.

ಕೆಲವು ಡಾಂಗಲ್‌ಗಳಿಗೆ ಸಾಫ್ಟ್‌ವೇರೇ ಇರುವುದಿಲ್ಲ. ಬ್ರೌಸರಿನಲ್ಲಿ 192.168.8.1 ಅಥವಾ 192.168.0.1 ಎಂದು ಹೊಡೆದರೆ ಸೆಟ್ಟಿಂಗ್ ಪುಟ ತೆರೆದುಕೊಳ್ಳುತ್ತದೆ. ಎಪಿಎನ್ ಬದಲಿಸುವುದು ಅಲ್ಲೇ.

ಹಂತ 8: ‘ಕನೆಕ್ಟೆಡ್’ ಎಂದಿದೆ, ಪುಟ ತೆರೆಯುತ್ತಿಲ್ಲ

ಮೊದಲು ಪರದೆಯ ಮೂಲೆಯ ತಾರೀಖು ನೋಡಿ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ನಾಣ್ಯದಾಕಾರದ ಸೆಲ್ ಮುಗಿದಿದ್ದರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಜಾರುತ್ತದೆ. ಆಗ ಬ್ಯಾಂಕಿನ, ಸರ್ಕಾರದ ಸುರಕ್ಷಿತ ತಾಣಗಳು ತೆರೆಯುವುದಿಲ್ಲ. ಬೈಗುಳ ತಿನ್ನುವುದು ಡಾಂಗಲ್. ಹೆಚ್ಚಿನ ಬೋರ್ಡುಗಳಲ್ಲಿ ಇರುವುದು ಸಿಆರ್ 2032 ಸೆಲ್. ಗಡಿಯಾರದ ಅಂಗಡಿಯಲ್ಲೂ ಕೇಳಿದರೆ ಸಿಗುತ್ತದೆ.

ತಾರೀಖು ಸರಿಯಿದ್ದರೆ ‘ಕಮಾಂಡ್ ಪ್ರಾಂಪ್ಟ್’ ತೆರೆದು ‘ಪಿಂಗ್’ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು 8.8.8.8 ಹೊಡೆಯಿರಿ. ಉತ್ತರ ಬಂದರೆ ಇಂಟರ್ನೆಟ್ ಇದೆ, ತಾಣಗಳ ಹೆಸರು ಹುಡುಕಿಕೊಡುವ ಡಿಎನ್‌ಎಸ್ ಕೆಟ್ಟಿದೆ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಮತ್ತು 1.1.1.1 ತುಂಬಿ. ‘ಪ್ರಾಕ್ಸಿ’ ಆನ್ ಇದ್ದರೆ ಆಫ್ ಮಾಡಿ.

ಹಂತ 9: ನಿಧಾನ, ಆಗಾಗ ಕಡಿತ

ಮೇಜಿನ ಕೆಳಗೆ, ಗೋಡೆಗೆ ಒತ್ತಿಕೊಂಡು, ಕಬ್ಬಿಣದ ಕ್ಯಾಬಿನೆಟ್ಟಿನ ಬೆನ್ನಿಗೆ ಅಂಟಿದ ಡಾಂಗಲ್‌ಗೆ ಸಿಗ್ನಲ್ ಸಿಗುವುದು ಕಷ್ಟ. ಒಂದೆರಡು ಮೀಟರಿನ ಒಳ್ಳೆಯ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲ್ಲನ್ನು ಕಿಟಕಿಗೆ ಒಯ್ಯಿರಿ. ಸೆಟ್ಟಿಂಗ್ ಪುಟದ ಸಿಗ್ನಲ್ ವಿವರದಲ್ಲಿ ‘ಆರ್‌ಎಸ್‌ಆರ್‌ಪಿ’ ಎಂಬ ಅಂಕಿ ಇರುತ್ತದೆ. ಮೈನಸ್ 90ರ ಆಸುಪಾಸಿದ್ದರೆ ಚೆನ್ನಾಗಿದೆ, ಮೈನಸ್ 110 ದಾಟಿದರೆ ದುರ್ಬಲ. ಡಾಂಗಲ್ಲನ್ನು ಕಿಟಕಿಯ ಎಡಕ್ಕೆ, ಬಲಕ್ಕೆ, ಮೇಲಕ್ಕೆ ಸರಿಸುತ್ತಾ, ಪ್ರತಿ ಜಾಗದಲ್ಲೂ ತುಸು ಕಾದು ಅಂಕಿ ನೋಡಿ. ಉತ್ತಮ ಅಂಕಿ ಬಂದಲ್ಲಿ ಟೇಪ್ ಹಚ್ಚಿ. ಬಿಸಿಲು ನೇರವಾಗಿ ಬೀಳದಿರಲಿ, ಡಾಂಗಲ್ ಕಾದರೆ ಸಂಪರ್ಕ ಕಡಿಯುತ್ತದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರೆ ಮಾತ್ರ ಕಡಿತವಾಗುವುದಾದರೆ ವಿಂಡೋಸ್ ವಿದ್ಯುತ್ ಉಳಿಸುತ್ತಿದೆ. ಡಿವೈಸ್ ಮ್ಯಾನೇಜರ್‌ನ ‘ಯುಎಸ್‌ಬಿ ರೂಟ್ ಹಬ್’ನಲ್ಲಿ ‘ಪವರ್ ಮ್ಯಾನೇಜ್‌ಮೆಂಟ್’ಗೆ ಹೋಗಿ, ಸಾಧನವನ್ನು ಆಫ್ ಮಾಡಲು ಅನುಮತಿಸುವ ಟಿಕ್ ಗುರುತು ತೆಗೆಯಿರಿ. ಬೆಳಿಗ್ಗೆ ವೇಗವಿದ್ದು ಮಧ್ಯಾಹ್ನಕ್ಕೆ ಸತ್ತರೆ ದಿನದ ಡೇಟಾ ಮುಗಿದಿರಬೇಕು. ಹಿನ್ನೆಲೆಯಲ್ಲಿ ವಿಂಡೋಸ್ ಅಪ್‌ಡೇಟ್ ಅದನ್ನು ನುಂಗುತ್ತಿರಬಹುದು. ಈ ಸಂಪರ್ಕವನ್ನು ‘ಮೀಟರ್ಡ್ ಕನೆಕ್ಷನ್’ ಎಂದು ಗುರುತಿಸಿದರೆ ದೊಡ್ಡ ಡೌನ್‌ಲೋಡ್‌ಗಳು ಬಹುಮಟ್ಟಿಗೆ ನಿಲ್ಲುತ್ತವೆ.

ಎರರ್ ಸಂಖ್ಯೆಗಳ ಅರ್ಥ

619: ಸಂಪರ್ಕ ಆಗುವ ಮೊದಲೇ ಪೋರ್ಟ್ ಮುಚ್ಚಿತು. ಡಾಂಗಲ್ ತೆಗೆದು ಹಾಕಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ.
628: ಆ ಕಡೆಯಿಂದ ಕಂಪನಿ ಕಡಿಯಿತು. ರೀಚಾರ್ಜ್, ಎಪಿಎನ್, ಸಿಗ್ನಲ್ ನೋಡಿ.
633: ಮೋಡೆಮ್ಮನ್ನು ಇನ್ನೊಂದು ಸಾಫ್ಟ್‌ವೇರ್ ಹಿಡಿದುಕೊಂಡಿದೆ. ಅದನ್ನು ಮುಚ್ಚಿ, ಹಂತ 6 ಮಾಡಿ.
720: ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ ಕೆಟ್ಟಿದೆ. ‘ನೆಟ್‌ವರ್ಕ್ ರೀಸೆಟ್’ ಕೊಡಿ.
797: ಮೋಡೆಮ್ ಸಿಗುತ್ತಿಲ್ಲ. ಹಂತ 4 ಮತ್ತು 5ಕ್ಕೆ ಹೋಗಿ.

ತುರ್ತಿಗೆ ಏನು?

ಅರ್ಜಿಯ ಗಡುವು ಎದುರಿಗಿದ್ದರೆ ರಿಪೇರಿಗೆ ಕೂರಬೇಡಿ. ಆಂಡ್ರಾಯ್ಡ್ ಮೊಬೈಲನ್ನು ಡೇಟಾ ಕೇಬಲ್‌ನಿಂದ ಡೆಸ್ಕ್‌ಟಾಪ್‌ಗೆ ಜೋಡಿಸಿ, ಮೊಬೈಲಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ‘ಯುಎಸ್‌ಬಿ ಟೆಥರಿಂಗ್’ ಆನ್ ಮಾಡಿ. ವೈಫೈ ಇಲ್ಲದ ಡೆಸ್ಕ್‌ಟಾಪ್‌ನಲ್ಲೂ ಇದು ನಡೆಯುತ್ತದೆ, ಮೊಬೈಲ್ ಚಾರ್ಜ್ ಕೂಡ ಆಗುತ್ತದೆ.

ಇಷ್ಟಾದರೂ ಸಿಗ್ನಲ್ ಬರದೆ, ಅದೇ ಕಂಪನಿಯ ಬೇರೆ ಮೊಬೈಲಿನಲ್ಲೂ ನೆಟ್ ಇಲ್ಲದಿದ್ದರೆ ತೊಂದರೆ ಟವರಿನದು. 198ಕ್ಕೆ ಅಥವಾ ನಿಮ್ಮ ಕಂಪನಿಯ ಆ್ಯಪ್‌ನಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಗ್ರಾಹಕ ಸೇವೆಯ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದಕ್ಕೆ ಕರೆ ಮಾಡಬೇಡಿ, ಅಲ್ಲಿ ವಂಚಕರ ನಂಬರ್‌ಗಳೂ ಇರುತ್ತವೆ. ಡಾಂಗಲ್ ರಿಪೇರಿಗೆ ಒಟಿಪಿ ಬೇಕಿಲ್ಲ, ಕೇಳಿದವರಿಗೆ ಕೊಡಬೇಡಿ. ಅಂಗಡಿಗೆ ಹೋಗಲೇಬೇಕಾಗಿ ಬಂದರೆ ಯಾವ ಹಂತದವರೆಗೆ ನೋಡಿದ್ದೀರಿ, ಯಾವ ಸಂಖ್ಯೆಯ ಎರರ್ ಬಂತು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸುಮ್ಮನೆ ಫಾರ್ಮ್ಯಾಟ್ ಮಾಡಿಸುವ ಖರ್ಚು ಉಳಿಯುತ್ತದೆ.