ನೋವಿನ ಪಂಪು ಹಾಕಿಸಿಕೊಂಡು ಊರಿಗೆ ಬಂದ ಮೇಲೆ

ಬಾಗಲಕೋಟೆ ಜಿಲ್ಲೆಯ ಚಿಮ್ಮಡದ ಕಡೆ ಪಂಪು ಅಂದರೆ ಕಬ್ಬಿಗೆ ನೀರು ಬಿಡುವ ಪಂಪೇ ಕಣ್ಣ ಮುಂದೆ ಬರುತ್ತದೆ. ಈ ಲೇಖನದ ಪಂಪು ಹೊಟ್ಟೆಯ ಚರ್ಮದ ಕೆಳಗೆ ಕೂರುವಂಥದ್ದು. ಹೆಚ್ಚು ಬಳಕೆಯಲ್ಲಿರುವ ಮಾದರಿ ಟೈಟಾನಿಯಂನ ದುಂಡನೆಯ ಬಿಲ್ಲೆ. ಅಗಲ ಒಂಬತ್ತು ಸೆಂಟಿಮೀಟರಿಗೆ ತುಸು ಕಡಿಮೆ, ದಪ್ಪ ಎರಡು ಸೆಂಟಿಮೀಟರಿನಷ್ಟು, ಖಾಲಿ ಇದ್ದಾಗ ತೂಕ ಸುಮಾರು 165 ಗ್ರಾಂ. ಅದರೊಳಗೆ 20 ಮಿ.ಲೀ. ಔಷಧ ಹಿಡಿಯುತ್ತದೆ, ದೊಡ್ಡದರಲ್ಲಿ 40 ಮಿ.ಲೀ. ಅಲ್ಲಿಂದ ಒಂದು ಸಣ್ಣ ನಳಿಕೆ ಚರ್ಮದಡಿಯಲ್ಲೇ ಪಕ್ಕೆಯನ್ನು ಬಳಸಿ ಬೆನ್ನಿಗೆ ಹೋಗಿ, ಬೆನ್ನುಹುರಿಯ ಸುತ್ತಲಿನ ನೀರಿನೊಳಗೆ ತೆರೆದುಕೊಳ್ಳುತ್ತದೆ. ಹಗಲೂ ರಾತ್ರಿ ಹನಿಹನಿಯಾಗಿ ಔಷಧ ಇಳಿಯುತ್ತಿರುತ್ತದೆ.

ಹೊಲದ ಪಂಪಿಗೆ ಕರೆಂಟು ಹೋದರೆ ಬೆಳೆ ಒಂದು ದಿನ ತಡೆದುಕೊಳ್ಳುತ್ತದೆ. ಈ ಪಂಪಿನಲ್ಲಿ ಔಷಧ ಮುಗಿದರೆ ಮೈ ತಡೆದುಕೊಳ್ಳುವುದಿಲ್ಲ. ಇದನ್ನು ಹಾಕಿಸುವುದು ಒಂದು ದಿನದ ಕೆಲಸ, ತಾರೀಖು ತಪ್ಪದೆ ತುಂಬಿಸುವುದು ಮುಂದಿನ ಅಷ್ಟೂ ವರ್ಷಗಳ ಕೆಲಸ. ಇಂಥ ಪಂಪು ಹಾಕಿ ನೋಡಿಕೊಳ್ಳುವ ನೋವು ಚಿಕಿತ್ಸಾ ಕೇಂದ್ರಗಳಿರುವುದು ದೊಡ್ಡ ನಗರಗಳಲ್ಲಿ. ಬೆಂಗಳೂರೇ ಆದರೆ ಜಮಖಂಡಿ, ರಬಕವಿ ಕಡೆಯಿಂದ 500 ಕಿ.ಮೀ.ಗೂ ಹೆಚ್ಚು ದೂರ. ಈ ದೂರವನ್ನು ಲೆಕ್ಕಕ್ಕೆ ಹಿಡಿಯದೆ ಕೊಟ್ಟ ಸಲಹೆ ನಮ್ಮವರಿಗೆ ಉಪಯೋಗಕ್ಕೆ ಬರುವುದಿಲ್ಲ.

ಹಾಕಿಸುವ ಮೊದಲು

ನಡ ಹಿಡಿದವರಿಗೆಲ್ಲ ಇದು ಬೇಕಿಲ್ಲ. ಮಾತ್ರೆಗಳಿಂದ ಹತೋಟಿಗೆ ಬರದ, ಅಥವಾ ಮಾತ್ರೆಯ ಅಡ್ಡ ಪರಿಣಾಮವನ್ನೇ ತಾಳಲಾಗದ ಕ್ಯಾನ್ಸರ್ ನೋವು, ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರವೂ ಬಿಡದ ನರದ ನೋವು, ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳು ಕಟ್ಟಿಗೆಯಂತೆ ಸೆಟೆಯುವ ತೊಂದರೆ ಇವು ಮುಖ್ಯ ಕಾರಣಗಳು. ಮೊದಲ ಎರಡಕ್ಕೆ ಸಾಮಾನ್ಯವಾಗಿ ಮಾರ್ಫಿನ್, ಮೂರನೆಯದಕ್ಕೆ ಬ್ಯಾಕ್ಲೋಫೆನ್. ನಿಮ್ಮ ಪಂಪಿನಲ್ಲಿರುವುದು ಯಾವ ಔಷಧ ಎಂಬುದು ಮನೆಯ ಎಲ್ಲರಿಗೂ ಬಾಯಿಪಾಠವಾಗಿರಬೇಕು. ಏಕೆ ಎಂಬುದು ಮುಂದೆ ಬರುತ್ತದೆ.

ಕ್ಯಾನ್ಸರ್ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಮೂರು ಮೆಟ್ಟಿಲಿನ ಏಣಿ ಹೇಳಿತು. ಮೂರನೆಯ ಮೆಟ್ಟಿಲು ಮಾರ್ಫಿನ್. ಪಂಪು ಅದಕ್ಕೂ ಮೇಲಿನದು. ಕೆಳಗಿನ ಮೆಟ್ಟಿಲು ತುಳಿಯದೆ ಮೇಲಿನದಕ್ಕೆ ನೆಗೆಯುವುದು ದುಡ್ಡಿಗೂ ಮೈಗೂ ನಷ್ಟ. ಮಾರ್ಫಿನ್ ಮಾತ್ರೆ ಅಗ್ಗದ್ದು. ಹಿಂದೆ ಅದನ್ನು ಪಡೆಯಲು ಆಸ್ಪತ್ರೆಗಳು ಹಲವು ಲೈಸೆನ್ಸುಗಳಿಗಾಗಿ ಅಲೆಯಬೇಕಿತ್ತು. 2014ರಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆ ತಿದ್ದುಪಡಿಯಾದ ಮೇಲೆ ಆ ಗೋಜಲು ಸಡಿಲವಾಗಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನೋವು ಶಮನಕ್ಕೆಂದೇ ವಿಭಾಗವಿದೆ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಬೆಂಗಳೂರಿನದೇ ಕರುಣಾಶ್ರಯ ಉಚಿತವಾಗಿ ನೋಡಿಕೊಳ್ಳುತ್ತದೆ. ಇನ್ನು ಕೆಲವೇ ತಿಂಗಳ ಆಯುಷ್ಯ ಎಂದು ವೈದ್ಯರು ಹೇಳಿದ್ದರೆ, ಪೂರ್ತಿ ಪಂಪಿನ ಬದಲು ಚರ್ಮದಡಿ ಪೋರ್ಟ್ ಎಂಬ ಚಿಕ್ಕ ಡಬ್ಬಿ ಕೂರಿಸಿ ಹೊರಗಿನ ಯಂತ್ರದಿಂದ ಔಷಧ ಹರಿಸುವ ಕಡಿಮೆ ಖರ್ಚಿನ ದಾರಿಯೂ ಇದೆ. ನಾಚದೆ ಕೇಳಿ.

ಖರ್ಚಿನ ಲೆಕ್ಕ ಹಲವು ಲಕ್ಷಗಳದು. ಅದೂ ಒಂದು ಸಲದ್ದಲ್ಲ. ಬ್ಯಾಟರಿ ಇರುವ ಪಂಪು ನಾಲ್ಕರಿಂದ ಏಳು ವರ್ಷ ನಡೆಯುತ್ತದೆ. ಬ್ಯಾಟರಿಯನ್ನಷ್ಟೇ ಬದಲಿಸಲು ಬರುವುದಿಲ್ಲ, ಇಡೀ ಪಂಪನ್ನೇ ತೆಗೆದು ಹೊಸದು ಹಾಕಬೇಕು. ಆಯುಷ್ಮಾನ್ ಕಾರ್ಡ್, ವಿಮೆ ಏನಿದ್ದರೂ ಮೂರು ಪ್ರಶ್ನೆ ಬೇರೆ ಬೇರೆ ಕೇಳಿ ಬರೆಸಿಕೊಳ್ಳಿ: ಪಂಪಿಗೆ ಎಷ್ಟು ಸಿಗುತ್ತದೆ, ಔಷಧ ತುಂಬಿಸುವ ಪ್ರತಿ ರೀಫಿಲ್‌ಗೆ ಎಷ್ಟು, ಮುಂದೆ ಬದಲಿಸುವಾಗ ಎಷ್ಟು. ಮೊದಲ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಮನೆ ಮುರಿಯುವುದು ಉಳಿದೆರಡು.

ಪಂಪಿಗಿಂತ ಮೊದಲು ಪರೀಕ್ಷೆ ಆಗಲೇಬೇಕು. ಬೆನ್ನಿನ ನೀರಿಗೆ ಒಂದು ಇಂಜೆಕ್ಷನ್ ಕೊಟ್ಟು, ಇಲ್ಲವೇ ಕೆಲವು ದಿನ ತಾತ್ಕಾಲಿಕ ನಳಿಕೆ ಇಟ್ಟು ನೋಡುತ್ತಾರೆ. ನೋವು ಅರ್ಧದಷ್ಟಾದರೂ ತಗ್ಗಿದರೆ ಮಾತ್ರ ಸಾಮಾನ್ಯವಾಗಿ ಮುಂದಿನ ಮಾತು. ಇಲ್ಲೊಂದು ತೊಡಕಿದೆ. ಡಾಕ್ಟರು "ಹತ್ತಕ್ಕೆ ನೋವು ಎಷ್ಟು?" ಎನ್ನುತ್ತಾರೆ, ನಮ್ಮವರು "ಭಾಳ ಐತ್ರಿ" ಎನ್ನುತ್ತಾರೆ. ಹಿಂದಿನ ದಿನವೇ ಮನೆಯಲ್ಲಿ ಕೂತು ಅಳತೆ ಮಾಡಿಕೊಳ್ಳಿ: ರಾತ್ರಿ ಎಷ್ಟು ಸಲ ಎಚ್ಚರ, ಬಸ್ ಸ್ಟ್ಯಾಂಡಿನವರೆಗೆ ನಡೆಯಲು ಎಷ್ಟು ಸಲ ಕೂರಬೇಕು, ಒಲೆಯ ಮುಂದೆ ಎಷ್ಟು ರೊಟ್ಟಿ ತಟ್ಟುವವರೆಗೆ ಇರಬಹುದು. ಪರೀಕ್ಷೆಯ ದಿನ ಅದೇ ಅಳತೆಯಲ್ಲಿ ಹೇಳಿ. ಬರಿಯ ಅಂಕಿಗಿಂತ ಅದು ನಂಬಬಹುದಾದ ಉತ್ತರ.

ಇನ್ನೊಂದು ಮಾತು, ಯಾವ ಕರಪತ್ರದಲ್ಲೂ ನಾನು ಕಾಣದ್ದು. ಪಂಪು ಕೂರಿಸುವ ಜಾಗವನ್ನು ಗುರುತು ಮಾಡುವ ದಿನ ಆಸ್ಪತ್ರೆಯ ಗೌನಿನಲ್ಲಿ ಹೋಗಬೇಡಿ. ದಿನಾ ಉಡುವ ಸೀರೆಯನ್ನೋ ಧೋತರವನ್ನೋ ಉಟ್ಟೇ ಹೋಗಿ, ನಿಂತೂ ಕೂತೂ ತೋರಿಸಿ. ನಿರಿಗೆ ಸಿಕ್ಕಿಸುವ ಜಾಗ, ಉಡದಾರ, ಪಕ್ಕೆಯ ಎಲುಬು ಯಾವುದೂ ಪಂಪಿಗೆ ತಾಗಬಾರದು. ಕೈಮಗ್ಗದ ಕುಣಿಯಲ್ಲಿ ಕೂತು ನೇಯುವವರಾದರೆ, ಹೊಟ್ಟೆಗೆ ತಾಗುವ ಮರ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಕೈಯಿಟ್ಟು ತೋರಿಸಿ. ಮಗ್ಗವನ್ನು ಎಂದೂ ನೋಡದ ಡಾಕ್ಟರಿಗೆ ಅದು ತಾನಾಗಿ ಹೊಳೆಯುವುದಿಲ್ಲ.

ಮೊದಲ ಎರಡು ತಿಂಗಳು

ನಳಿಕೆ ಬೆನ್ನಿನಲ್ಲಿ ನೆಲೆಯಾಗಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಸೊಂಟ ತಿರುಚುವಂತಿಲ್ಲ, ಬಗ್ಗಿ ಎತ್ತುವಂತಿಲ್ಲ, ಕೈ ಮೇಲೆತ್ತಿ ಅಟ್ಟದ ಸಾಮಾನು ಇಳಿಸುವಂತಿಲ್ಲ. ನೀರಿನ ಕೊಡ, ಕಬ್ಬಿನ ಹೊರೆ, ಟ್ರ್ಯಾಕ್ಟರಿನ ಕುಲುಕಾಟ ಮೂರೂ ದೂರ. ಎದ್ದು ಕೂತರೆ ತಲೆ ಸಿಡಿದು, ಮಲಗಿದರೆ ಇಳಿಯುತ್ತಿದ್ದರೆ ಬೆನ್ನಿನ ನೀರು ಸೋರುತ್ತಿರಬಹುದು, ಫೋನ್ ಮಾಡಿ. ಗಾಯ ಕೆಂಪಾದರೆ, ಕೀವಾದರೆ, ಜ್ವರ ಬಂದರೆ ಮೆಡಿಕಲ್ ಅಂಗಡಿಯ ಮಾತ್ರೆ ನುಂಗಿ ಕೂರಬೇಡಿ. ಅಲ್ಲಿಂದ ಸೋಂಕು ಬೆನ್ನುಹುರಿಯ ನೀರಿಗೆ ಏರುವ ದಾರಿ ತೀರಾ ಹತ್ತಿರ. ಪಂಪಿನ ಮೇಲೆ ಕೈಯಾಡಿಸುವ, ತಿರುಗಿಸಿ ನೋಡುವ ಚಟವೂ ಬೇಡ. ಚರ್ಮದಡಿ ಅದು ಮಗುಚಿಕೊಂಡು ನಳಿಕೆ ಕಿತ್ತುಬಂದದ್ದುಂಟು.

ರೀಫಿಲ್: ತಾರೀಖು ನಿಮ್ಮದು

ಔಷಧದ ಪ್ರಮಾಣ, ಸಾಂದ್ರತೆ ನೋಡಿ ಒಂದರಿಂದ ಆರು ತಿಂಗಳಿಗೊಮ್ಮೆ ತುಂಬಿಸಬೇಕು. ಕೆಲಸ ಅರ್ಧ ತಾಸಿನದು. ಚರ್ಮವನ್ನು ಶುದ್ಧ ಮಾಡಿ, ಪಂಪಿನ ನಟ್ಟನಡುವಿನ ರಬ್ಬರಿನ ಬಾಯಿಗೆ ಸೂಜಿ ಹಾಕಿ, ಉಳಿದ ಹಳೆಯ ಔಷಧವನ್ನು ಮೊದಲು ಎಳೆಯುತ್ತಾರೆ. ಆ ಗಳಿಗೆಯಲ್ಲಿ ನೀವು ಎರಡು ಅಂಕಿ ಕೇಳಿ ಬರೆದುಕೊಳ್ಳಬೇಕು: ಎಷ್ಟು ಉಳಿಯಬೇಕಿತ್ತು, ಎಷ್ಟು ಉಳಿದಿತ್ತು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಂತೆ ಇದಕ್ಕೂ ಒಂದು ಪುಸ್ತಕ ಇರಲಿ. ಎರಡೂ ಅಂಕಿ ಹೆಚ್ಚು ಕಡಿಮೆ ಸರಿಹೋದರೆ ಪಂಪು ನೆಟ್ಟಗೆ ನಡೆಯುತ್ತಿದೆ. ಬಹಳ ಅಂತರ ಬಂದರೆ ಪಂಪಿನಲ್ಲೋ ನಳಿಕೆಯಲ್ಲೋ ದೋಷ.

ತುಂಬಿಸಿದ ಕೂಡಲೇ ಬಸ್ ಹಿಡಿಯಲು ಓಡಬೇಡಿ. ಅಪರೂಪಕ್ಕೆ ಸೂಜಿ ಪಂಪಿನೊಳಗೆ ಹೋಗದೆ ಪಕ್ಕದ ಮಾಂಸದಲ್ಲಿ ಔಷಧ ಬೀಳುತ್ತದೆ. ತಿಂಗಳುಗಟ್ಟಲೆ ಹನಿಯಾಗಿ ಇಳಿಯಬೇಕಾದದ್ದು ಒಮ್ಮೆಲೇ ಮೈಗೆ ಸೇರಿದರೆ ಉಸಿರೇ ನಿಂತೀತು. ಕನಿಷ್ಠ ಅರ್ಧ ತಾಸು ಆಸ್ಪತ್ರೆಯಲ್ಲೇ ಕೂರಿ. ಆ ರಾತ್ರಿ ಅದೇ ಊರಿನಲ್ಲಿ ಉಳಿಯುವುದಾದರೆ ಇನ್ನೂ ಒಳ್ಳೆಯದು. ದೂರದವರಿಗೆ ಲಾಡ್ಜಿನ ಬಾಡಿಗೆಯೂ ಔಷಧದ ಖರ್ಚೇ.

ಹೊರಡುವ ಮೊದಲು ಕೈಗೆ ಬರುವ ಚೀಟಿಯಲ್ಲಿ ಅಲಾರಂ ತಾರೀಖು ಇರುತ್ತದೆ. ಅಂದರೆ ಔಷಧ ತಳ ಮುಟ್ಟಿ ಪಂಪು ಕೂಗತೊಡಗುವ ದಿನ. ರೀಫಿಲ್ ಅದಕ್ಕಿಂತ ಮೊದಲು ಆಗಬೇಕು. ನಮ್ಮವರು ಹತ್ತು ದಿನ ಮುಂಚೆಯೇ ಇಟ್ಟುಕೊಳ್ಳಲಿ ಎಂಬುದು ನನ್ನ ಹಟ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಜಮಖಂಡಿ, ಮುಧೋಳ ಕಡೆಯ ಎಷ್ಟೋ ರಸ್ತೆ, ಸೇತುವೆಗಳು ಮುಳುಗಿದ್ದು ನೆನಪಿರಬೇಕಲ್ಲ? ಅಂಥ ವಾರದಲ್ಲಿ ಅಲಾರಂ ತಾರೀಖು ಬಿದ್ದರೆ ಗತಿಯೇನು? ಜುಲೈ, ಆಗಸ್ಟಿನ ರೀಫಿಲ್ ಇದ್ದರೆ ಜೂನಿನಲ್ಲೇ ಡಾಕ್ಟರೊಡನೆ ಮಾತಾಡಿ ಮುಂಚಿನ ದಿನಕ್ಕೆ ಸರಿಸಿಕೊಳ್ಳಿ. ಕಬ್ಬಿನ ಕಟಾವು, ಊರ ಜಾತ್ರೆ, ಮನೆಯ ಮದುವೆ ಇವಕ್ಕೂ ಇದೇ ಲೆಕ್ಕ.

ಬೀಪ್ ಎಂದರೆ

ಬ್ಯಾಟರಿಯ ಪಂಪು ತೊಂದರೆ ಬಂದಾಗ ಸಣ್ಣಗೆ ಬೀಪ್ ಎನ್ನುತ್ತದೆ. ಒಂದೇ ಸ್ವರವಾದರೆ ಔಷಧ ತಳ ಕಂಡಿದೆ, ಇಲ್ಲವೇ ಬ್ಯಾಟರಿ ಮುಗಿಯುತ್ತ ಬಂದಿದೆ ಎಂಬಂಥ ಸೂಚನೆ. ಎರಡು ಸ್ವರ ಬಂದರೆ ಔಷಧ ನಿಂತಿದೆ ಅಥವಾ ನಿಲ್ಲಲಿದೆ ಎಂದರ್ಥ, ಅಂದೇ ಹೊರಡಬೇಕು. ಎರಡೂ ಸದ್ದನ್ನು ಆಸ್ಪತ್ರೆಯಲ್ಲೇ ಕೇಳಿಸಿಕೊಂಡು ಬನ್ನಿ. ರಬಕವಿ-ಬನಹಟ್ಟಿಯ ಪವರ್‌ಲೂಮ್ ಮನೆಗಳಲ್ಲಿ ಪಕ್ಕದವರ ಮಾತೇ ಕೇಳಿಸದು, ಹೊಟ್ಟೆಯೊಳಗಿನ ಬೀಪ್ ಎಲ್ಲಿ ಕೇಳಿಸೀತು! ಮಗ್ಗ ನಿಂತ ಮೇಲೆ, ಮಲಗುವ ಮುನ್ನ, ಐದು ನಿಮಿಷ ಟಿ.ವಿ., ಫ್ಯಾನು ಆರಿಸಿ ಸುಮ್ಮನೆ ಕೂರುವ ರೂಢಿ ಮಾಡಿಕೊಳ್ಳಿ. ಕಿವಿ ಮಂದವಾದ ಹಿರಿಯರ ಪಕ್ಕ ಮೊಮ್ಮಗನೋ ಮೊಮ್ಮಗಳೋ ಕೂರಲಿ.

ಹೆಚ್ಚಾದಾಗ, ಕಡಿಮೆಯಾದಾಗ

ಮಾರ್ಫಿನ್ ಹೆಚ್ಚಾದರೆ ಎಬ್ಬಿಸಿದರೂ ಏಳದ ಮಂಪರು, ನಿಧಾನವಾದ ಉಸಿರು, ಸಾಸಿವೆ ಕಾಳಿನಷ್ಟು ಕಿರಿದಾದ ಕಣ್ಣಪಾಪೆ. ಇದಕ್ಕೆ ನ್ಯಾಲೊಕ್ಸೋನ್ ಇಂಜೆಕ್ಷನ್ ಉಂಟು, 108ಕ್ಕೆ ಫೋನ್ ಮಾಡಿದಾಗಲೇ "ಮಾರ್ಫಿನ್ ಪಂಪಿನ ಪೇಶಂಟ್" ಎಂದು ಹೇಳಿಬಿಡಿ. ಮಾರ್ಫಿನ್ ಒಮ್ಮೆಲೇ ನಿಂತರೆ ಬೆವರು, ರೋಮಾಂಚನ, ಮೇಲಿಂದ ಮೇಲೆ ಆಕಳಿಕೆ, ಭೇದಿ, ಹಳೆಯ ನೋವು ಬಡ್ಡಿ ಸಮೇತ ವಾಪಸು.

ಬ್ಯಾಕ್ಲೋಫೆನ್ ನಿಂತರೆ ಇನ್ನೂ ಕೆಟ್ಟದ್ದು. ಮೈಯೆಲ್ಲ ತುರಿಕೆಯಿಂದ ಶುರುವಾಗಿ ಸೆಟೆತ, ವಿಪರೀತ ಜ್ವರ, ಬಡಬಡಿಕೆ, ಪ್ರಾಣಾಪಾಯದವರೆಗೂ ಹೋಗುತ್ತದೆ. ಊರಲ್ಲಿ ಇದನ್ನು ಮಲೇರಿಯಾ ಜ್ವರವೆಂದು ಸಲಾಯಿನ್ ಹಚ್ಚಿ ಮಲಗಿಸಿದರೆ ಕೈಮೀರೀತು. ಯಾವ ಔಷಧವೆಂದು ಬಾಯಿಪಾಠ ಮಾಡಿಸಿದ್ದು ಇದಕ್ಕೇ.

ಕಾಲಿನಲ್ಲಿ ಹೊಸದಾಗಿ ಜೋಮು, ಬಲಹೀನತೆ, ನೋವಿನ ಜಾಗವೇ ಬದಲಾಗುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ನಳಿಕೆಯ ತುದಿಯಲ್ಲಿ ಗಂಟು ಬೆಳೆದಿರಬಹುದು. ವಯಸ್ಸಾಯಿತೆಂದು ಸುಮ್ಮನಿರಬೇಡಿ. ಮಲಬದ್ಧತೆ, ತುರಿಕೆ, ಪಾದದ ಬಾವು, ಗಂಡಸರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದು ಇವು ಮಾರ್ಫಿನ್ನಿನ ಗೊತ್ತಿರುವ ಕಾಟಗಳು. ಹೇಳಿಕೊಂಡರೆ ಉಪಾಯವಿದೆ. ನಿದ್ದೆಮಾತ್ರೆ, ಸಾರಾಯಿ, ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಮಾತ್ರೆ ಡಾಕ್ಟರನ್ನು ಕೇಳದೆ ಬೇಡವೇ ಬೇಡ. ಪಂಪಿನ ಔಷಧದ ಜೊತೆ ಸೇರಿ ಅವು ಉಸಿರನ್ನೇ ಅಡಗಿಸುತ್ತವೆ.

ಕಾವು, ಮಷಿನ್, ಮತ್ತು ಪರ ಡಾಕ್ಟರು

ಊರಿನ ಫಿಸಿಯೋಥೆರಪಿ ಅಂಗಡಿಗೆ ಕಾಲಿಟ್ಟ ಕೂಡಲೇ ಪಂಪಿನ ವಿಷಯ ಹೇಳಿ. ಅಲ್ಲಿಯ ಡಯಾಥರ್ಮಿ ಶಾಖ ಪಂಪಿನ ಲೋಹವನ್ನು ಕಾಯಿಸಿ ಒಳಗೇ ಸುಡಬಹುದು. ಬ್ಯಾಟರಿ ಇಲ್ಲದ, ಅನಿಲದ ಒತ್ತಡದಿಂದ ನಡೆಯುವ ಪಂಪುಗಳೂ ಇವೆ. ಅವುಗಳಲ್ಲಿ ಮೈ ಬಿಸಿಯೇರಿದರೆ ಔಷಧ ಹೆಚ್ಚು ಹರಿಯುತ್ತದೆ. ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಯಾರಿಗೂ ಬೇಡ, ಅನಿಲದ ಪಂಪಿನವರಿಗಂತೂ ಸುಡು ಜ್ವರವನ್ನೂ ಬೇಗ ಇಳಿಸಬೇಕು. ಎಂಆರ್‌ಐಗೆ ಮೊದಲು ಪಂಪಿನ ಡಾಕ್ಟರಿಗೆ ಫೋನ್ ಕಡ್ಡಾಯ. ಕೆಲವು ಮಾದರಿಗಳು ಆಯಸ್ಕಾಂತದೊಳಗೆ ತಾತ್ಕಾಲಿಕವಾಗಿ ನಿಂತು ಮತ್ತೆ ಶುರುವಾಗುತ್ತವೆ, ಶುರುವಾಯಿತೇ ಎಂದು ಪರೀಕ್ಷಿಸಬೇಕು. ಇನ್ನು ಕೆಲವನ್ನು ಮೊದಲೇ ಖಾಲಿ ಮಾಡಬೇಕು.

ಪಂಪಿಗೆ ಸೂಜಿ ಚುಚ್ಚಲು ತರಬೇತಿ ಇಲ್ಲದ ಯಾರಿಗೂ ಬಿಡಬೇಡಿ, ಎಷ್ಟೇ ಒಳ್ಳೆಯ ಕೈಗುಣದವರಾಗಿರಲಿ. ನಡುವಿನ ಬಾಯಿಯಲ್ಲದೆ ಪಕ್ಕದಲ್ಲಿ ಇನ್ನೊಂದು ಬಾಯಿ ಇದೆ. ಅದು ನೇರ ಬೆನ್ನುಹುರಿಯ ನೀರಿಗೆ ಹೋಗುತ್ತದೆ. ಬೆನ್ನುಹುರಿಯ ನೀರಿನಲ್ಲಿ ಒಂದು ಮಿ.ಗ್ರಾಂ ಮಾರ್ಫಿನ್ ಮಾಡುವ ಕೆಲಸಕ್ಕೆ ಬಾಯಲ್ಲಿ ನುಂಗುವಾಗ ಸುಮಾರು 300 ಮಿ.ಗ್ರಾಂ ಬೇಕು ಎಂಬುದು ವೈದ್ಯರ ಅಂದಾಜಿನ ಲೆಕ್ಕ. ಅಲ್ಲಿ ತಪ್ಪು ಔಷಧವೋ ತಪ್ಪು ಅಳತೆಯೋ ಬಿದ್ದರೆ ಏನಾಗಬಹುದೆಂದು ಇದರಿಂದಲೇ ತಿಳಿಯುತ್ತದೆ.

ಪಂಪಿನ ಜೊತೆ ಕೊಡುವ ಗುರುತಿನ ಕಾರ್ಡಿನ ಜೆರಾಕ್ಸ್ ಮೂರು ಮಾಡಿಸಿ. ಒಂದು ಕಿಸೆಯಲ್ಲಿ, ಒಂದು ದೇವರ ಫೋಟೋದ ಪಕ್ಕದ ಮೊಳೆಗೆ, ಒಂದು ನಿಮ್ಮ ಊರಿನ ಡಾಕ್ಟರ ಕೈಯಲ್ಲಿ. ಅದರ ಹಿಂದೆ ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ: ಪಂಪಿನ ಮಾದರಿ, ಔಷಧದ ಹೆಸರು, ದಿನದ ಪ್ರಮಾಣ, ಪಂಪಿನ ಡಾಕ್ಟರ ಫೋನ್ ನಂಬರ್. ಪ್ರಮಾಣ ಬದಲಾದಾಗೆಲ್ಲ ಹಳೆಯದನ್ನು ಹರಿದು ಹೊಸದು ಹಚ್ಚಿ. ಬಾಗಲಕೋಟೆಯಲ್ಲೋ ಬೆಳಗಾವಿಯಲ್ಲೋ ನಿಮ್ಮ ಪಂಪಿನ ಪ್ರಮಾಣವನ್ನು ಹೊರಗಿನಿಂದ ಹೊಂದಿಸುವ ಪ್ರೋಗ್ರಾಮರ್ ಯಂತ್ರ ಇರುವ ಕೇಂದ್ರ ಇದೆಯೇ ಎಂದು ಪಂಪಿನ ಡಾಕ್ಟರನ್ನೇ ಮೊದಲೇ ಕೇಳಿ ಇಟ್ಟುಕೊಂಡರೆ ಅವಸರಕ್ಕೆ ಅರ್ಧ ದಾರಿ ಉಳಿಯುತ್ತದೆ.

ಈಗಾಗಲೇ ನಿಮ್ಮ ಮನೆಯಲ್ಲಿ ಯಾರಿಗಾದರೂ ಪಂಪು ಇದ್ದರೆ ಈ ಪುಟ ಮಡಿಚಿಟ್ಟು ಮೊದಲು ಕಳೆದ ರೀಫಿಲ್ ದಿನ ಕೊಟ್ಟ ಚೀಟಿ ತೆಗೆಯಿರಿ. ಅಲಾರಂ ತಾರೀಖು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಈಗಲೇ ಬರೆಯಿರಿ, ಹತ್ತು ದಿನ ಹಿಂದೆ ಇನ್ನೊಂದು ಗುರುತು ಹಾಕಿ.